ಇಪ್ಪತ್ತನಾಲ್ಕನೇ ಪುಟ

ಪಾರ್ಶ್ವವಾಯು ಬಡಿದಾಗ ಮೇಷ್ಟ್ರು ನೋಟ್ಸ್ ಬರೆಯುತ್ತಿದ್ದರು. ಬೆಳಗಿನ ಏಳೂವರೆ ಇರಬೇಕು. ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಪೆನ್ನು ಬಿದ್ದ ಸದ್ದಾಯಿತು. ಪೆನ್ನು ಬಿದ್ದರೆ ಮೇಷ್ಟ್ರು ಸಾಮಾನ್ಯವಾಗಿ ಅದಕ್ಕೊಂದು ಬೈಗುಳ ಕೊಟ್ಟು ಎತ್ತಿಕೊಳ್ಳುವವರು. ಈ ಸಲ ಬೈಗುಳ ಕೇಳಿಸಲಿಲ್ಲ. ಆಕೆ ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಹೊರಗೆ ಬಂದು ನೋಡಿದರೆ, ಅವರು ಕುರ್ಚಿಯಲ್ಲಿ ಒಂದು ಕಡೆಗೆ ವಾಲಿಕೊಂಡು, ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ದಿಟ್ಟಿಸುತ್ತಿದ್ದರು.

ಕಾಲೇಜಿನ ಕೆಲಸದಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಮನೆಯ ಮುಂದಿನ ಕೋಣೆಯಲ್ಲೇ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಿದ್ದರು. ಒಂದು ಕಪ್ಪು ಹಲಗೆ, ಎರಡು ಬೆಂಚು, ವರ್ಷಕ್ಕೆ ಹನ್ನೊಂದೋ ಹನ್ನೆರಡೋ ಮಕ್ಕಳು. ಉದ್ದಕ್ಕೆ, ತೆಳ್ಳಗೆ, ನಡುವೆ ಮಾತ್ರ ಗುಂಡಗೆ ಹೊಟ್ಟೆ ಬಂದಿದ್ದ ಅವರಿಗೆ ಮಕ್ಕಳು ಇಟ್ಟ ಹೆಸರು ಪಿಪೆಟ್ ಮೇಷ್ಟ್ರು. ಲ್ಯಾಬಿನಲ್ಲಿ ದ್ರಾವಣ ಹೀರಿ ಅಳೆಯುವ ಗಾಜಿನ ನಳಿಗೆಯೂ ಹಾಗೇ ಇರುತ್ತದೆ. ಅವರಿಗೆ ಈ ಹೆಸರು ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು.

ಅವರ ಟ್ಯೂಷನ್‌ಗಿಂತ ಹೆಸರಾಗಿದ್ದು ಅವರ ಕೊನೆ ತಿಂಗಳ ನೋಟ್ಸ್. ಪರೀಕ್ಷೆ ಹತ್ತಿರ ಬಂದಾಗ ಇಡೀ ವರ್ಷದ ಪಾಠವನ್ನು ನಲವತ್ತು ಪುಟಕ್ಕೆ ಇಳಿಸಿ, ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ ಕೊಡುತ್ತಿದ್ದರು. ಅದು ಕೈಗೆ ಬಂದ ಮೇಲೆ ಮಕ್ಕಳು ಪಠ್ಯಪುಸ್ತಕ ಮುಟ್ಟುತ್ತಿರಲಿಲ್ಲ. ಪ್ರತಿ ವರ್ಷವೂ ಹೊಸದಾಗಿ ಬರೆಯುವುದು ಅವರ ಹಟ. ಹಳೆಯದನ್ನು ಇಟ್ಟುಕೊಳ್ಳುತ್ತಲೂ ಇರಲಿಲ್ಲ. "ಹಳೇ ನೋಟ್ಸ್ ನೋಡಿ ಬರೆದ್ರೆ ಹಳೇ ತಪ್ಪು ಹೊಸ ಮಕ್ಕಳಿಗೆ ಅಂಟುತ್ತೆ," ಎನ್ನುತ್ತಿದ್ದರು. ಈ ವರ್ಷ ಇಪ್ಪತ್ತಮೂರು ಪುಟ ಮುಗಿದಿತ್ತು.

ಆಸ್ಪತ್ರೆಯಲ್ಲಿ ಹದಿನೇಳು ದಿನ ಇಟ್ಟುಕೊಂಡರು. ಕಾಲು ಸ್ವಲ್ಪ ಸುಧಾರಿಸಿತು, ಬಲಗೈ ಸುಧಾರಿಸಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೂ ಅಕ್ಷರ ಮೂಡಲಿಲ್ಲ. ಮಾತು ಪೂರ್ತಿ ಹೋಯಿತು. ಪೂರ್ತಿ ಎಂದರೆ ಒಂದು ಪದ ಬಿಟ್ಟು. ಏನು ಕೇಳಿದರೂ, ಏನು ಬೇಕೆಂದರೂ, ಬೇಡವೆಂದರೂ ಅವರ ಬಾಯಿಂದ ಬರುತ್ತಿದ್ದುದು "ಹೌದು" ಒಂದೇ. ಡಾಕ್ಟರು ಮನೆಗೆ ಕಳಿಸುವಾಗ, "ಮಾತು ಬರಬಹುದು, ಬರದೇನೂ ಇರಬಹುದು," ಎಂದರು. ಇಷ್ಟು ಹೇಳುವುದಕ್ಕೆ ಡಾಕ್ಟರೇ ಆಗಬೇಕೇ ಎಂದು ಹೆಂಡತಿಗೆ ಅನಿಸಿತು.

ಮನೆಗೆ ಬಂದ ಮರುದಿನವೇ ಮಕ್ಕಳು ಬಂದರು. ಹನ್ನೊಂದರಲ್ಲಿ ಏಳು ಜನ. ಉಳಿದ ನಾಲ್ವರನ್ನು ಅವರವರ ಅಪ್ಪ ಅಮ್ಮ ಅಷ್ಟರಲ್ಲಿ ಎಲ್ಲೆಲ್ಲೋ ಸೇರಿಸಿಬಿಟ್ಟಿದ್ದರು. ಪರೀಕ್ಷೆಗೆ ಇನ್ನು ಐದು ವಾರವಿತ್ತು. ಅಷ್ಟು ಹತ್ತಿರ ಬಂದ ಮೇಲೆ ಈ ಏಳು ಜನರನ್ನು ಸೇರಿಸಿಕೊಳ್ಳುವ ಟ್ಯೂಷನ್ ಎಲ್ಲೂ ಇರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸತ್ತವರ ಮನೆಗೆ ಬಂದವರಂತೆ ಬೆಂಚಿನ ತುದಿಯಲ್ಲಿ ಕೂತರು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದರು. ಗುರುತು ಸಿಕ್ಕಿದ್ದು ಕಣ್ಣಲ್ಲೇ ಗೊತ್ತಾಗುತ್ತಿತ್ತು.

"ಹೇಗಿದ್ದೀರ ಸಾರ್?"

"ಹೌದು," ಎಂದರು ಮೇಷ್ಟ್ರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಹೆಂಡತಿ ಮೇಜಿನ ಮೇಲಿದ್ದ ಹಾಳೆಗಳನ್ನು ತಂದಳು. "ಇಷ್ಟು ಬರೆದಿದ್ದಾರೆ ಕಣ್ರೋ. ಜೆರಾಕ್ಸ್ ಮಾಡಿಸ್ಕೊಳ್ಳಿ."

ಇಪ್ಪತ್ತಮೂರು ಪುಟದ ಕೆಳಗೆ ಇಪ್ಪತ್ತನಾಲ್ಕನೆಯದೂ ಇತ್ತು. ಅದರ ನೆತ್ತಿಯಲ್ಲಿ 'ತಾನೇ ಕರೆಂಟ್ ಕೊಡುವ ಸೆಲ್' ಎಂಬ ತಲೆಬರಹ, ಕೆಳಗೆ ನಾಲ್ಕು ಸಾಲು ವಿವರಣೆ. ಐದನೇ ಸಾಲು 'ಇಲ್ಲಿ ಎಲ್ಲರೂ ತಪ್ಪುವುದು ಏನೆಂದರೆ' ಎಂದು ಶುರುವಾಗಿ ಅಲ್ಲಿಗೇ ನಿಂತಿತ್ತು. ಅಲ್ಲಿಂದ ಪೆನ್ನಿನ ಗೆರೆಯೊಂದು ಜಾರುತ್ತ ಪುಟದ ಅಂಚಿನವರೆಗೂ ಹೋಗಿತ್ತು.

ಅದನ್ನು ಮೊದಲು ನೋಡಿದ್ದು ಯಾಕಮ್ಮ. ಮಾತೆತ್ತಿದರೆ "ಯಾಕೆ ಸಾರ್?" ಎಂದು ಕೇಳುತ್ತಿದ್ದ ಹುಡುಗಿಗೆ ಮೇಷ್ಟ್ರೇ ಇಟ್ಟ ಹೆಸರು ಅದು. ಅವಳು ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು. ಖಾಲಿ.

"ಆಂಟಿ, ಏನಂದ್ರೆ ಅಂತಾನೇ ಇಲ್ವಲ್ಲ."

"ನನಗೆ ಕೇಳಿದ್ರೆ ಏನು ಹೇಳಲಿ ನಾನು," ಎಂದಳು ಹೆಂಡತಿ.

ಅದೊಂದೇ ತಲೆನೋವಾಗಿದ್ದರೆ ಹೇಗೋ ಆಗುತ್ತಿತ್ತು. ಬರೆದ ಪುಟಗಳ ಅಂಚಿನಲ್ಲೆಲ್ಲ ಮೇಷ್ಟ್ರು ಪುಟ್ಟ ಪುಟ್ಟ ಗುರುತು ಹಾಕಿದ್ದರು. ಕೆಲವು ಕಡೆ ತ್ರಿಕೋನ, ಕೆಲವು ಕಡೆ ಕೊಕ್ಕೆ, ಕೆಲವು ಕಡೆ ಕೊಡೆ. ಯಾವುದನ್ನು ಬಾಯಿಪಾಠ ಮಾಡಬೇಕು, ಯಾವುದನ್ನು ಒಮ್ಮೆ ಓದಿದರೆ ಸಾಕು, ಯಾವುದನ್ನು ಕಣ್ಣುಮುಚ್ಚಿ ಬಿಟ್ಟುಬಿಡಬಹುದು ಎಂದು ತಿಳಿಸುವ ಗುರುತುಗಳು. ಯಾವ ಗುರುತಿಗೆ ಯಾವ ಅರ್ಥ ಎಂದು ಅವರು ಹೇಳುತ್ತಿದ್ದುದು ನೋಟ್ಸ್ ಹಂಚುವ ದಿನ, ಬಾಯಲ್ಲಿ. ಜೆರಾಕ್ಸ್ ಅಂಗಡಿಯವರು ಕದ್ದು ಮಾರಬಾರದೆಂಬ ಉಪಾಯ ಅದು.

ಹೆಂಡತಿ ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ "ಇದು ಚೆನ್ನಾಗಿ ಕಾಣುತ್ತೋ, ಅದೋ?" ಎಂದು ದಿನಕ್ಕೆ ನೂರು ಸಲ ಕೇಳುವುದೇ ಅವಳ ಕಸುಬು. ಎಂಥ ಗೊಂದಲದ ಮುದುಕರಿಂದಲೂ ಉತ್ತರ ಹೊರಡಿಸಿದವಳು ತಾನು ಎಂಬ ಧೈರ್ಯದಲ್ಲಿ ಹಾಳೆ ಹಿಡಿದು ಗಂಡನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ರೀ, ಇಲ್ಲಿ ನೋಡಿ. ಕೊಡೆ. ಕೊಡೆ ಅಂದ್ರೆ ಓದಬೇಕಾ?"

"ಹೌದು."

ಮಕ್ಕಳು ಗಡಬಡಿಸಿ ಬರೆದುಕೊಂಡರು. ಆಕೆಗೆ ಏನೋ ಅನುಮಾನ. "ಕೊಡೆ ಅಂದ್ರೆ ಬಿಡಬೇಕಾ?"

"ಹೌದು."

"ಎರಡಕ್ಕೂ ಹೌದು ಅಂದ್ರೆ ಹೇಗ್ರೀ? ಓದಬೇಕು ಅಂದ್ರೆ ಈ ಕೈ ಎತ್ತಿ. ಬಿಡಬೇಕು ಅಂದ್ರೆ ಸುಮ್ನಿರಿ."

ಮೇಷ್ಟ್ರು ಎಡಗೈ ಎತ್ತಿದರು. ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಯಾಕೆ ಎತ್ತಿದೆ ಎಂದು ಮರೆತವರಂತೆ ಅದರ ಕಡೆ ನೋಡಿದರು. ಆಮೇಲೆ ಆ ಕೈಯನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯತ್ತ ತಿರುಗಿದರು. ಕುತ್ತಿಗೆಯ ನರ ಉಬ್ಬಿತ್ತು. ಆ ದಿನ ಅಲ್ಲಿಗೇ ಮುಗಿಯಿತು.

ವಾರಕ್ಕೆರಡು ಸಲ ಮಾತು ಕಲಿಸುವವಳು ಬರುತ್ತಿದ್ದಳು. ಆಸ್ಪತ್ರೆಯವರೇ ಗೊತ್ತು ಮಾಡಿದ್ದ ಹುಡುಗಿ, ಚೀಲದ ತುಂಬ ಚಿತ್ರದ ಕಾರ್ಡು. ಬಟ್ಟಲು, ಬೆಕ್ಕು, ಬೀಗದ ಕೈ. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ ಬೆಕ್ಕಿನ ಚಿತ್ರದ ಮುಂದೆ ಬೆವರುತ್ತ ಕೂತಿರುವುದನ್ನು ಹೆಂಡತಿಗೆ ನೋಡಲಾಗುತ್ತಿರಲಿಲ್ಲ. ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಕುದಿದ ಹಾಲನ್ನೇ ಮತ್ತೆ ಕುದಿಸುತ್ತಿದ್ದಳು.

ಒಂದು ಸಂಜೆ ಯಾಕಮ್ಮ ಪುಸ್ತಕವೊಂದನ್ನು ಹಿಂದಿರುಗಿಸಲು ಬಂದಳು. ಹೆಂಡತಿ ಒಳಗೆ ಬಟ್ಟೆ ಮಡಚುತ್ತಿದ್ದಳು, ಹುಡುಗಿ ಮುಂದಿನ ಕೋಣೆಯಲ್ಲಿ ಕಾಯುತ್ತ, ಅಭ್ಯಾಸಬಲದಿಂದ ಗುನುಗಿಕೊಂಡಳು: "ಹೈಡ್ರೋಜನ್, ಹೀಲಿಯಂ..."

"ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್," ಎಂದಿತು ಮೇಷ್ಟ್ರ ಧ್ವನಿ.

ಹೆಂಡತಿಗೆ ಒಳಗಿನಿಂದಲೇ ಕೇಳಿಸಿತು. ಮಡಚಿದ ಬಟ್ಟೆಯನ್ನೆಲ್ಲ ಅಲ್ಲೇ ಬಿಟ್ಟು ಓಡಿಬಂದಳು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಸ್ವಚ್ಛವಾದ ಹಳೆಯ ದನಿಯಲ್ಲಿ, ಒಂದಕ್ಷರ ತೊದಲದೆ ಹೇಳುತ್ತಿದ್ದರು. ಇಪ್ಪತ್ತನೆಯದಾದ ಕ್ಯಾಲ್ಸಿಯಂವರೆಗೂ ಹೋಗಿ ನಿಲ್ಲಿಸಿದರು. ಯಾಕಮ್ಮ ಚಪ್ಪಾಳೆ ತಟ್ಟಿದಳು. ಹೆಂಡತಿ ಅತ್ತಳು. ಆಮೇಲೆ ಫೋನ್ ತೆಗೆದುಕೊಂಡು ಉಳಿದ ಆರು ಮಕ್ಕಳಿಗೂ ತಾನೇ ಫೋನ್ ಮಾಡಿದಳು. "ಮಾತು ಬಂದಿದೆ ಕಣ್ರೋ. ನಾಳೆ ಎಲ್ಲಾರೂ ಬನ್ನಿ. ಆ ಕೊಡೆ, ಕೊಕ್ಕೆ ಎಲ್ಲಾ ಕೇಳ್ಕೊಂಡುಬಿಡಿ."

ಮರುದಿನ ಸಂಜೆ ಏಳು ಜನರೂ ಬಂದರು. ಒಬ್ಬ ಹುಡುಗ ಮೊದಲು ಸುಲಭದ್ದೇ ಕೇಳೋಣವೆಂದು, "ಸಾರ್, ಹದಿನೈದನೇದು ಯಾವುದು?" ಎಂದ.

"ಹೈಡ್ರೋಜನ್, ಹೀಲಿಯಂ, ಲಿಥಿಯಂ," ಎಂದು ಮೇಷ್ಟ್ರು ಶುರುಮಾಡಿದರು. ಮಕ್ಕಳು ಬೆರಳು ಮಡಚಿ ಎಣಿಸಿದರು. ಹದಿನೈದನೆಯದಾದ ಫಾಸ್ಫರಸ್ ಬಂತು, ಹೋಯಿತು. ಅವರು ನಿಲ್ಲಲಿಲ್ಲ. ಕ್ಯಾಲ್ಸಿಯಂ ಮುಟ್ಟಿದ ಮೇಲೆಯೇ ನಿಂತರು.

"ನೀರಿನ ಫಾರ್ಮುಲಾ ಹೇಳಿ ಸಾರ್," ಎಂದಳು ಇನ್ನೊಬ್ಬಳು.

"ಹೈಡ್ರೋಜನ್," ಎಂದರು. ಎಲ್ಲರೂ ಉಸಿರು ಬಿಗಿಹಿಡಿದರು. "ಹೀಲಿಯಂ, ಲಿಥಿಯಂ, ಬೆರಿಲಿಯಂ..."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಗು ತಡೆಯಲಾಗದೆ ಬಂದದ್ದೇ ಹೊರತು ಕೆಟ್ಟ ಮನಸ್ಸಿನಿಂದಲ್ಲ. ಆದರೆ ಅದು ಮೇಷ್ಟ್ರಿಗೆ ಕೇಳಿಸಿತು. ತಮ್ಮ ಬಾಯಿಂದ ಹೊರಡುತ್ತಿರುವುದು ಏನೆಂದು ಅವರಿಗೆ ಆಗ ತಿಳಿದಿರಬೇಕು. ಸೋಡಿಯಂ, ಮೆಗ್ನೀಷಿಯಂ ಎನ್ನುತ್ತಲೇ ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಬೆರಳ ಸಂದಿಯಲ್ಲಿ ಉಳಿದ ಹೆಸರುಗಳೂ ಹೊರಗೆ ಬಂದವು.

ಮಾತು ಕಲಿಸುವವಳಿಗೆ ಹೇಳಿದಾಗ ಅವಳು, "ಅದು ಮಗ್ಗಿ ಒಪ್ಪಿಸಿದ ಹಾಗೆ ಆಂಟಿ. ಲೆಕ್ಕ ಬರದಿದ್ರೂ ಮಗ್ಗಿ ಬರುತ್ತಲ್ಲ, ಹಾಗೆ. ಬೇಜಾರು ಮಾಡ್ಕೋಬೇಡಿ," ಎಂದಳು. ಆಕೆಗೆ ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು; ರಸ್ತೆಯಲ್ಲಿ ಯಾವ ಮಗುವಿನ ತಾಯಿ ಸಿಕ್ಕರೂ "ಏನಾದ್ರೂ ಮಾಡಿ" ಎನ್ನುತ್ತಿದ್ದರು. ತಾನು ಏನು ಮಾಡಲಿ? ಕಣ್ಣಿನ ನಂಬರು ಕೇಳಿದರೆ ಹೇಳಬಲ್ಲಳು. ಕೆಮಿಸ್ಟ್ರಿಯ ತಲೆಬುಡ ಗೊತ್ತಿಲ್ಲ.

ಕೊನೆಗೆ ಔಷಧದ ಅಂಗಡಿಯವನ ನೆನಪಾಯಿತು. ಮೇಷ್ಟ್ರ ಮಾತ್ರೆಗಳನ್ನು ಅವನ ಅಂಗಡಿಯಿಂದಲೇ ತರುತ್ತಿದ್ದಳು. ಒಂಬತ್ತು ವರ್ಷದ ಹಿಂದಿನ ಶಿಷ್ಯ, ಈಗ ಎರಡು ಮಕ್ಕಳ ಅಪ್ಪ. ಹೋಗಿ ಕೇಳಿದ ತಕ್ಷಣ, "ಅದಕ್ಕೇನಮ್ಮ, ಭಾನುವಾರ ಅಂಗಡಿ ಮುಚ್ಚಿ ಬರ್ತೀನಿ. ಸಾರ್ ನೋಟ್ಸ್ ನನ್ನ ಹತ್ರ ಇನ್ನೂ ಇದೆ," ಎಂದ. ಆಕೆಗೆ ಹೋದ ಜೀವ ಬಂದಂತಾಯಿತು.

ಅವನು ಬಂದ, ಹಳದಿ ತಿರುಗಿದ ನಲವತ್ತು ಪುಟವನ್ನೂ ತಂದ. ಆದರೆ ಈ ಒಂಬತ್ತು ವರ್ಷದಲ್ಲಿ ಪಾಠ ಎರಡು ಸಲ ಬದಲಾಗಿತ್ತು. ಆಗ ಸೆಲ್‌ಗಳ ಪಾಠವೇ ಇರಲಿಲ್ಲ. ಮಕ್ಕಳು ಆಸೆಯಿಂದ ಕೊಡೆಯ ಅರ್ಥ ಕೇಳಿದರೆ ಅವನು ತಲೆ ಕೆರೆದುಕೊಂಡ. "ನಮ್ಮ ವರ್ಷ ಕೊಡೆ ಇರ್ಲಿಲ್ಲಪ್ಪ. ಗುಬ್ಬಿ ಇತ್ತು."

ಒಳ್ಳೆಯ ಮನುಷ್ಯ, ಪಾಪ. ತನಗೆ ತಿಳಿದಷ್ಟನ್ನು ಹೇಳಿಕೊಟ್ಟೇ ಹೋಗುತ್ತೇನೆಂದು ನಿಂತ. ಎರಡನೇ ಭಾನುವಾರ ಮಕ್ಕಳು ಇಪ್ಪತ್ತನಾಲ್ಕನೇ ಪುಟವನ್ನು ಮುಂದಿಟ್ಟರು. ಅವನು ಅದನ್ನು ಎರಡೆರಡು ಸಲ ಓದಿ, ಮುಂದೆ ಫಾರ್ಮಸಿ ಕಲಿಯುವಾಗ ಎಂದೋ ಓದಿದ್ದನ್ನು ನೆನಪು ಮಾಡಿಕೊಂಡು ಹಲಗೆಯ ಮೇಲೆ ಚಿತ್ರ ಬರೆದ. ಒಂದು ಪಾತ್ರೆ, ಎರಡು ಕಂಬಿ.

"ಇದು ಆನೋಡ್, ಇದು ಕ್ಯಾಥೋಡ್. ನೆನಪಿಟ್ಕೊಳ್ಳಿ, ಆನೋಡ್ ಯಾವತ್ತೂ ಪಾಸಿಟಿವ್. ಎಂಥಾ ಸೆಲ್ ಆದ್ರೂ ಸರಿ, ಇದು ಬದಲಾಗಲ್ಲ."

"ಹೌದು!" ಎಂದರು ಕಿಟಕಿಯ ಪಕ್ಕದಿಂದ ಮೇಷ್ಟ್ರು.

"ನೋಡಿದ್ರಾ, ಸಾರೇ ಹೌದು ಅಂತಿದ್ದಾರೆ," ಎಂದು ಅವನು ಖುಷಿಯಾಗಿ ಆನೋಡಿನ ಪಕ್ಕ ದೊಡ್ಡದೊಂದು ಪ್ಲಸ್ ಹಾಕಿದ.

"ಹೌದು! ಹೌದು! ಹೌದು!"

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಹೆಂಡತಿ ಒದ್ದೆ ಕೈಯಲ್ಲೇ ಬಂದಳು. ಈ ಒಂದು ತಿಂಗಳಲ್ಲಿ ಅವರ ಹೌದುಗಳ ದನಿ ಅವಳಿಗೆ ಅಷ್ಟಿಷ್ಟು ತಿಳಿಯತೊಡಗಿತ್ತು.

"ನಿಲ್ಲಿಸಪ್ಪ. ಅದು ಹೌದಲ್ಲ. ಅಲ್ಲ ಅಂತಿದ್ದಾರೆ."

"ಯಾವುದು ಅಲ್ಲ ಸಾರ್?" ಅವನು ಸೀಮೆಸುಣ್ಣ ಹಿಡಿದುಕೊಂಡೇ ಮೇಷ್ಟ್ರ ಮುಂದೆ ಮಂಡಿಯೂರಿದ. "ಚಿತ್ರ ತಪ್ಪಾ? ಕಂಬಿ ತಪ್ಪಾ? ಹೆಸರು ತಪ್ಪಾ?"

ಒಂದೊಂದಕ್ಕೂ ಹೌದು ಎಂದರು ಮೇಷ್ಟ್ರು, ಒಂದೊಂದು ಸಲವೂ ತಲೆ ಅಲ್ಲಾಡಿಸುತ್ತ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು. ಹೆಂಡತಿ ತೋಳಿಗೆ ಆಸರೆಯಾದಳು. ಕಾಲೆಳೆಯುತ್ತ ಹಲಗೆಯವರೆಗೆ ನಾಲ್ಕು ಹೆಜ್ಜೆ. ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು, ಎಡಗೈಯಲ್ಲಿ, ಪ್ಲಸ್ಸಿನ ಕೆಳಗೆ ಒಂದು ಅಡ್ಡಗೆರೆ ಎಳೆದರು. ಗೆರೆ ಸೊಟ್ಟಗೆ ಬಂತು. ಅಷ್ಟಕ್ಕೇ ಉಸಿರುಗಟ್ಟಿದವರಂತೆ ನಿಂತು ಮಕ್ಕಳ ಕಡೆ ತಿರುಗಿದರು. ಇಷ್ಟು ಹೇಳಿದ ಮೇಲೆ ಇನ್ನೇನು ಹೇಳಬೇಕು ಎಂಬಂಥ ನೋಟ.

ಏಳು ಜನರೂ ಆ ಗೆರೆಯನ್ನು ನೋಡಿದರು.

"ಅಂಡರ್‌ಲೈನ್ ಮಾಡಿ ಅಂತಿದ್ದಾರೆ," ಎಂದ ಒಬ್ಬ ಹುಡುಗ. "ಇಂಪಾರ್ಟೆಂಟು ಅಂತ."

"ಹೌದಾ ಸಾರ್? ಇಂಪಾರ್ಟೆಂಟಾ?"

ಮೇಷ್ಟ್ರು ಬಾಯಿ ತೆರೆದರು. ತೆರೆದ ಬಾಯಿಂದ ಏನು ಬರುತ್ತದೆ ಎಂದು ಅವರಿಗೂ ಗೊತ್ತಿತ್ತು. ತುಟಿ ಬಿಗಿಹಿಡಿದು, ಮುಖವೆಲ್ಲ ಕೆಂಪಾಗಿ, ಕೊನೆಗೆ ತಡೆಯಲಾರದೆ, "ಹೌದು," ಎಂದರು.

ಮಕ್ಕಳು ನೋಟ್ಸಿನಲ್ಲಿ 'ಆನೋಡ್ ಯಾವತ್ತೂ ಪಾಸಿಟಿವ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದುಕೊಂಡರು. ಮೇಷ್ಟ್ರು ಸೀಮೆಸುಣ್ಣವನ್ನು ಗೋಡೆಗೆ ಎಸೆದರು. ಅದು ಗುರಿ ತಪ್ಪಿ ಔಷಧದ ಅಂಗಡಿಯವನ ಹೆಗಲಿಗೆ ತಗಲಿತು. ಅವನು ಅಂಗಿ ಕೊಡವಿಕೊಂಡು, "ಪರವಾಗಿಲ್ಲಮ್ಮ, ಪರವಾಗಿಲ್ಲ," ಎನ್ನುತ್ತಲೇ ಚಪ್ಪಲಿ ಮೆಟ್ಟಿಕೊಂಡ. ಮತ್ತೆ ಬರಲಿಲ್ಲ. ಮಾತ್ರೆ ತರಲು ಹೋದಾಗ ಆಕೆಯೂ ಆ ಮಾತು ತೆಗೆಯಲಿಲ್ಲ.

ಅಂದು ಮಕ್ಕಳು ಹೋದ ಮೇಲೆ ಆಕೆ ಹಲಗೆ ಒರೆಸದೆ ಹಾಗೇ ಬಿಟ್ಟಳು. ಆ ಅಡ್ಡಗೆರೆಯ ಮುಂದೆ ಬಹಳ ಹೊತ್ತು ನಿಂತಳು. ಕಣ್ಣು ಕಿರಿದು ಮಾಡಿ ನೋಡಿದಳು, ದೂರ ಸರಿದು ನೋಡಿದಳು. ಅಂಗಡಿಯಲ್ಲಿ ಎಷ್ಟೋ ಜನ ಅಕ್ಷರದ ಹಲಗೆಯ ಮುಂದೆ ಹೀಗೇ ಒದ್ದಾಡುವಾಗ ಆಕೆ ಮನಸ್ಸಿನಲ್ಲಿ ನಕ್ಕಿದ್ದುಂಟು. ಗೆರೆ ಗೆರೆಯಾಗಿಯೇ ಇತ್ತು.

"ನನಗಾದ್ರೂ ಹೇಳ್ರೀ," ಎಂದಳು. "ನಾನು ಅವರಿಗೆ ಹೇಳ್ತೀನಿ."

ಮೇಷ್ಟ್ರು ಮಲಗಿದ್ದರೋ, ಮಲಗಿದಂತೆ ಕಣ್ಣು ಮುಚ್ಚಿದ್ದರೋ, ಆಕೆ ಹೊದಿಕೆ ಎಳೆದು ದೀಪ ಆರಿಸಿದಳು.

ಪರೀಕ್ಷೆ ಮುಗಿದ ಮೂರನೇ ದಿನ ಮಧ್ಯಾಹ್ನ ಯಾಕಮ್ಮ ಒಬ್ಬಳೇ ಬಂದಳು. ಕಂಕುಳಲ್ಲಿ ಪಠ್ಯಪುಸ್ತಕ. ಒಳಗೆ ಬಂದವಳೇ ಮೇಷ್ಟ್ರ ಕಾಲ ಬಳಿ ನೆಲದ ಮೇಲೆ ಕೂತು ಪುಸ್ತಕ ಬಿಡಿಸಿದಳು.

"ಸಾರ್, ಹೊರಗಿಂದ ಕರೆಂಟ್ ಕೊಟ್ಟು ನಡೆಸೋ ಸೆಲ್‌ನಲ್ಲಿ ಮಾತ್ರ ಆನೋಡ್ ಪಾಸಿಟಿವ್. ತಾನೇ ಕರೆಂಟ್ ಕೊಡೋ ಸೆಲ್‌ನಲ್ಲಿ ನೆಗೆಟಿವ್. ಪುಸ್ತಕದಲ್ಲಿ ಇದೆ. ನಾನು ಈಗ ನೋಡ್ದೆ." ಅವಳು ಪುಟದ ಮೇಲೆ ಬೆರಳಿಟ್ಟಳು. "ನೀವವತ್ತು ಎಳೆದಿದ್ದು ಅಂಡರ್‌ಲೈನ್ ಅಲ್ಲ. ಮೈನಸ್. ಅಲ್ವಾ ಸಾರ್?"

ಮೇಷ್ಟ್ರು ಹೌದು ಎನ್ನಲಿಲ್ಲ. ಬಾಯಿಯ ಬಲತುದಿಯಿಂದ ಜೊಲ್ಲು ಇಳಿಯಿತು. ಹೆಂಡತಿ ಸೆರಗಿನಿಂದ ಒರೆಸಿದಳು.

"ಪ್ರಶ್ನೆ ಬಂದಿತ್ತಾ?" ಎಂದು ಆಕೆಯೇ ಕೇಳಿದಳು.

"ಬಂದಿತ್ತು ಆಂಟಿ. ಐದು ಮಾರ್ಕಿಂದು. ಏಳು ಜನಾನೂ ಒಂದೇ ಥರ ಬರೆದಿದ್ದೀವಿ." ಹುಡುಗಿ ಮೂಗೊರೆಸಿಕೊಂಡಳು. "ಯಾಕೆ ನಾನು ಪುಸ್ತಕ ತೆಗೆದು ನೋಡ್ಲಿಲ್ಲ? ಎಲ್ಲಾದಕ್ಕೂ ಯಾಕೆ ಅಂತೀನಿ. ಇದಕ್ಕೆ ಮಾತ್ರ ಅನ್ನಲಿಲ್ಲ."

"ನೀನೇನು ಮಾಡ್ತೀಯ ಮಗು," ಎಂದಳು ಹೆಂಡತಿ.

ಫಲಿತಾಂಶ ಬಂದಾಗ ಏಳರಲ್ಲಿ ಐದು ಜನ ಪಾಸಾಗಿದ್ದರು. ಇಬ್ಬರಿಗೆ ಕೆಮಿಸ್ಟ್ರಿ ಹೋಗಿತ್ತು. ಅದರಲ್ಲೊಬ್ಬನಿಗೆ ಕಡಿಮೆ ಬಿದ್ದದ್ದು ನಾಲ್ಕು ಮಾರ್ಕು. ಅವನ ತಾಯಿ ಕನ್ನಡಕದ ಅಂಗಡಿಗೇ ಬಂದು, ಗಿರಾಕಿಗಳ ಎದುರಿಗೇ, "ಆಗದೇ ಇದ್ದ ಮೇಲೆ ಆಗಲ್ಲ ಅಂತ ಮೊದಲೇ ಹೇಳ್ಬೇಕಿತ್ತು. ಆಸೆ ತೋರಿಸಿ ಮಕ್ಕಳನ್ನ ಕೂರಿಸ್ಕೊಂಡ್ರಿ," ಎಂದಳು. ಹೆಂಡತಿ ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಕೇಳಿಸಿಕೊಂಡಳು. ಆ ತಾಯಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಯಾಕಮ್ಮ ಪಾಸಾಗಿದ್ದಳು, ಆದರೆ ಅವಳಿಗೆ ಬೇಕಾಗಿದ್ದ ಕಾಲೇಜಿಗೆ ಸಾಲುವಷ್ಟಲ್ಲ. ಅಂಕಪಟ್ಟಿ ತೋರಿಸಲು ಬಂದವಳು ಅದನ್ನು ಮೇಷ್ಟ್ರ ಎಡಗೈಗೆ ಕೊಟ್ಟಳು. ಅವರು ಕಣ್ಣ ಹತ್ತಿರ ಹಿಡಿದು ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ ನೋಡಿದರು.

"ಇನ್ನೊಂದು ಸಲ ಬರೀತೀನಿ ಆಂಟಿ," ಎಂದಳು ಹುಡುಗಿ. "ಮನೇಲೂ ಒಪ್ಪಿದ್ದಾರೆ."

"ಯಾರ ಹತ್ರ ಓದ್ತೀಯ?"

ಹುಡುಗಿ ಮೇಷ್ಟ್ರ ಕಡೆ ನೋಡಿದಳು. ನೋಡಿ, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. "ಇನ್ನೂ ಗೊತ್ತಿಲ್ಲ."

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು, ಬೇರೆ ಯಾವುದೋ ಪದಕ್ಕಾಗಿ ಬಾಯಿಯ ಆಕಾರ ಮಾಡತೊಡಗಿದರು. ತುಟಿ ಕೂಡಿತು, ಬಿಟ್ಟಿತು. ನಾಲಿಗೆ ಹಲ್ಲಿಗೆ ತಾಗಿತು. ಹಣೆಯಲ್ಲಿ ಬೆವರು ಮೂಡಿತು.

"ಅವಸರ ಇಲ್ಲ ಸಾರ್," ಎಂದಳು ಯಾಕಮ್ಮ. "ಹೇಳಿ."

ಹೆಂಡತಿ ಒಲೆ ಆರಿಸಿ ಬಂದು ಬಾಗಿಲ ಬಳಿ ನಿಂತಳು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು. ಹುಡುಗಿ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕದಲದೆ ಕೂತಿದ್ದಳು. ಬಸ್ಸಿನ ಹೊತ್ತಾಗುವವರೆಗೂ ಕಾದಳು. ಆಮೇಲೆ ಅಂಕಪಟ್ಟಿಯನ್ನು ಅವರ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು, "ಮತ್ತೆ ಬರ್ತೀನಿ ಸಾರ್," ಎಂದು ಹೇಳಿ ಹೋದಳು.